ರೀಫ್ ಟ್ಯಾಂಕಿನ ಮರಳು ಹಾಸು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆ ಉಪ್ಪುನೀರಿನ ಹವಳದ ಟ್ಯಾಂಕ್ ಇಟ್ಟವರು ದೀಪ, ಸ್ಕಿಮ್ಮರ್ (ನೊರೆಯ ಮೂಲಕ ನೀರಿನ ಕೊಳೆ ತೆಗೆಯುವ ಯಂತ್ರ) ಇವುಗಳಿಗಿಂತ ಹೆಚ್ಚಾಗಿ ತಳದ ಮರಳಿನ ಬಗ್ಗೆ ವಿಚಾರಿಸುತ್ತಾರೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದೆ. ಮೊದಲ ಭಾಗ ಹೊಸಬರಿಗೆ, ಕೊನೆಯ ಭಾಗ ಹಳೆಯ ಟ್ಯಾಂಕ್ ಇರುವವರಿಗೆ.

## ಟ್ಯಾಂಕ್ ಇಡುವ ಮೊದಲು

ಮರಳು ಹಾಕಲೇಬೇಕಾ ಸರ್? ಬರೀ ಗಾಜಿನ ತಳ ಬಿಟ್ಟರೆ ಕೆಲಸ ಕಡಿಮೆ ಅಂತಾರೆ.

ಹಾಕಲೇಬೇಕೆಂಬ ನಿಯಮವೇನೂ ಇಲ್ಲ. ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳಿಗೆ ರಂಧ್ರಗಳಿರುವ ಕಲ್ಲುಗಳಲ್ಲೇ ಸಾಕಷ್ಟು ನೆಲೆ ಸಿಗುತ್ತದೆ. ಬರಿತಳದ ಟ್ಯಾಂಕಿನಲ್ಲಿ ಪವರ್‌ಹೆಡ್‌ಗಳನ್ನು (ನೀರಿನೊಳಗೆ ಹರಿವು ಹುಟ್ಟಿಸುವ ಪಂಪ್) ಜೋರಾಗಿ ಓಡಿಸಬಹುದು, ಬಿದ್ದ ಕಶ್ಮಲ ಕಣ್ಣಿಗೆ ಕಾಣುವುದರಿಂದ ಎಳೆದು ತೆಗೆಯುವುದೂ ಸುಲಭ. ಅಕ್ರೊಪೊರಾದಂಥ ಜೋರು ಹರಿವು ಬೇಡುವ ಹವಳಗಳನ್ನೇ ಬೆಳೆಸುವವರು ಈ ದಾರಿ ಹಿಡಿಯುವುದು ಅದಕ್ಕೇ.

ಆದರೆ ಮರಳಿಲ್ಲದಿದ್ದರೆ ರಾತ್ರಿ ಮರಳಿನೊಳಗೆ ಮಲಗುವ ಹ್ಯಾಲಿಕೋರಿಸ್ ಜಾತಿಯ ರಾಸ್ ಮೀನು, ಬಿಲ ತೋಡುವ ಪಿಸ್ತೂಲ್ ಸೀಗಡಿ, ಅದರ ಜೊತೆಗಿರುವ ಗೋಬಿ ಮೀನು, ಶಂಖದ ಹುಳು ಇವುಗಳನ್ನೆಲ್ಲ ಬಿಡಬೇಕಾಗುತ್ತದೆ. ಕೋಪೆಪಾಡ್‌ನಂಥ ಸಣ್ಣ ಜೀವಿಗಳು ಮರಿ ಮಾಡುವ ಜಾಗವೂ ಕಡಿಮೆಯಾಗುತ್ತದೆ. ಮೊದಲ ಟ್ಯಾಂಕಿಗೆ ತೆಳುವಾದ ಮರಳು ಹಾಸು ಇರಲಿ ಎಂಬುದು ನನ್ನ ಸಲಹೆ. ಬೇಡವೆನಿಸಿದರೆ ಆಮೇಲೆ ತೆಗೆಯಬಹುದು; ಹವಳಗಳು ಬೆಳೆದು ನಿಂತ ಮೇಲೆ ಹೊಸದಾಗಿ ಹಾಕುವುದೇ ಕಷ್ಟ.

ಮನೆ ಕಟ್ಟುವಾಗ ತಂದ ಹೊಳೆ ಮರಳು ಉಳಿದಿದೆ. ಚೆನ್ನಾಗಿ ತೊಳೆದು ಹಾಕಬಹುದಾ?

ಈ ಭಾಗದಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹರಿಹರದ ಬಳಿ ತುಂಗಭದ್ರೆಯಿಂದ ಬಂದದ್ದಾಗಲಿ, ಹಿರಿಯೂರು ಕಡೆ ವೇದಾವತಿಯಿಂದ ಬಂದದ್ದಾಗಲಿ, ಹೊಳೆ ಮರಳಿನಲ್ಲಿ ಹೆಚ್ಚಾಗಿರುವುದು ಬೆಣಚುಕಲ್ಲಿನ ಹರಳು. ಅದರೊಂದಿಗೆ ಫೆಲ್ಡ್‌ಸ್ಪಾರ್, ಮಿನುಗುವ ಕಾಗೆಬಂಗಾರ, ಕಬ್ಬಿಣದ ಅಂಶವುಳ್ಳ ಕಪ್ಪು ಕಾಳು, ಎಷ್ಟು ತೊಳೆದರೂ ಸ್ವಲ್ಪ ಉಳಿದೇ ಉಳಿಯುವ ಜೇಡಿ ಬೆರೆತಿರುತ್ತವೆ. ಬೆಣಚುಕಲ್ಲು ಉಪ್ಪುನೀರಿನಲ್ಲಿ ವಿಷವೇನೂ ಅಲ್ಲ. ತೊಂದರೆ ಕೊಡುವುದು ಉಳಿದವು.

ಒಂದು ಹಿಡಿ ಮರಳನ್ನು ಬಿಳಿ ತಟ್ಟೆಯಲ್ಲಿ ಹರಡಿ ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಮೆಲ್ಲಗೆ ಆಡಿಸಿ ನೋಡಿ. ಕವರಿನ ಹೊರಮೈಗೆ ಕಪ್ಪು ಕಾಳುಗಳು ಮೀಸೆ ಮೂಡಿದ ಹಾಗೆ ನೆಟ್ಟಗೆ ಅಂಟಿಕೊಳ್ಳುತ್ತವೆ. ಇದೇ ಕಾಳು ನಾಳೆ ಗಾಜು ಉಜ್ಜುವ ಅಯಸ್ಕಾಂತಕ್ಕೆ ಸಿಕ್ಕಿಕೊಂಡರೆ ಗಾಜಿನ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ, ಆ ಗೀರು ಹೋಗುವುದಿಲ್ಲ. ಬಳಿಕ ಒಂದು ಚಮಚ ಮರಳಿನ ಮೇಲೆ ವಿನೆಗರ್ ಹಾಕಿ. ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದರೆ ಸಣ್ಣ ಗುಳ್ಳೆಗಳೇಳುತ್ತವೆ. ಹೊಳೆ ಮರಳು ಸುಮ್ಮನಿರುತ್ತದೆ.

ಎಂ-ಸ್ಯಾಂಡ್ ಅಂತೂ ಬೇಡವೇ ಬೇಡ. ಕ್ರಷರ್‌ನಲ್ಲಿ ಕಗ್ಗಲ್ಲನ್ನು ಪುಡಿ ಮಾಡಿದ ಅದರ ಅಂಚು ಹರಿತವಾಗಿದ್ದು, ಮರಳನ್ನು ಬಾಯಲ್ಲಿ ತುಂಬಿಕೊಂಡು ಕಿವಿರಿನಿಂದ ಹೊರಬಿಡುವ ಗೋಬಿಗಳಿಗೂ, ಹೊಟ್ಟೆಯ ಮೇಲೆ ಮಲಗುವ ಮೀನುಗಳಿಗೂ ಗಾಯ ಮಾಡುತ್ತದೆ.

ಮಲ್ಪೆಗೋ ಕಾರವಾರಕ್ಕೋ ಹೋದಾಗ ಒಂದು ಚೀಲ ಬೀಚಿನ ಮರಳು ತಂದರೆ ಹೇಗೆ? ಅದು ಸಮುದ್ರದ್ದೇ ಅಲ್ಲವಾ?

ತರಬೇಡಿ. ನಮ್ಮ ಕರಾವಳಿಯ ಮರಳಿನಲ್ಲೂ ಘಟ್ಟದ ನದಿಗಳು ಹೊತ್ತು ತಂದ ಬೆಣಚುಕಲ್ಲೇ ಹೆಚ್ಚು, ಹವಳದ ಮರಳಲ್ಲ. ಜನ ಓಡಾಡುವ ತೀರದಲ್ಲಿ ದೋಣಿಯ ಡೀಸೆಲ್, ಕೊಳೆತ ಜೀವಿಗಳ ಅಂಶ ಬೆರೆತಿರುತ್ತದೆ. ಕಡಲತೀರದ ಮರಳು ಎತ್ತುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳ ಕಡಿವಾಣವಿದೆ. ಹವಳದ ಚೂರುಗಳ ವಿಷಯ ಇನ್ನೂ ಗಂಭೀರ: ಭಾರತದ ಕಡಲಿನ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿದ್ದು, ಸತ್ತು ದಡಕ್ಕೆ ಬಿದ್ದ ತುಂಡನ್ನು ಮನೆಗೆ ತರುವುದೂ ಕಾನೂನಿನ ತೊಡಕಿಗೆ ಎಡೆ ಮಾಡುತ್ತದೆ.

ಕೋಳಿ ಫಾರ್ಮಿಗೆ ಹಾಕುವ ಚಿಪ್ಪಿನ ಪುಡಿ ಇಲ್ಲೇ ಅಗ್ಗಕ್ಕೆ ಸಿಗುತ್ತದೆ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ ತಾನೆ?

ಹೌದು, ವಿನೆಗರ್ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಆದರೆ ಚಿಪ್ಪಿನ ಚೂರು ಚಪ್ಪಟೆ. ಒಂದರ ಮೇಲೊಂದು ಒರಗಿ ಕೂತಾಗ ನಡುವೆ ಆಹಾರದ ತುಣುಕು ಸಿಕ್ಕಿಕೊಂಡು ಕೊಳೆಯುತ್ತದೆ, ಅಂಚೂ ಹರಿತ. ಮೇವಿಗೆಂದು ಬರುವ ಪುಡಿಯಲ್ಲಿ ಬೇರೇನು ಬೆರೆತಿದೆಯೆಂದು ಚೀಲದ ಮೇಲೆ ಬರೆದಿರುವುದಿಲ್ಲ. ತಳಕ್ಕೆ ಬೇಡ. ಇದೇ ಕಾರಣಕ್ಕೆ ರಂಗೋಲಿ ಪುಡಿ, ಮಾರ್ಬಲ್ ಚಿಪ್ಸ್ ಕೂಡ ಬೇಡ. ಕೇಳುವವರಿದ್ದಾರೆ ಎಂಬುದಕ್ಕಾಗಿ ಹೇಳಿದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು, ಎಷ್ಟು ಕೆ.ಜಿ.?

ಅರಗೊನೈಟ್ ಮರಳನ್ನು ಕೊಳ್ಳಿ. ಇದು ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳು ರೂಪ. ಹವಳಗಳ ಅಸ್ಥಿಪಂಜರವೂ ಇದರದ್ದೇ. ದಾವಣಗೆರೆಯ ಮೀನಿನ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ಪಾರ್ಸೆಲ್ ತರಿಸಿಕೊಳ್ಳಬೇಕಾಗುತ್ತದೆ. ತೂಕದ ವಸ್ತುವಾದ್ದರಿಂದ ಸಾಗಣೆ ಖರ್ಚನ್ನು ಮೊದಲೇ ಕೇಳಿಕೊಳ್ಳಿ.

ಕಾಳಿನ ಗಾತ್ರವನ್ನು ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಚಿರೋಟಿ ರವೆಯಷ್ಟು ನುಣ್ಣನೆಯದು ಪವರ್‌ಹೆಡ್ ಹರಿವಿಗೆ ಹಾರುತ್ತದೆ, ಅಕ್ಕಿನುಚ್ಚಿನಷ್ಟು ದಪ್ಪನೆಯದರ ಸಂದುಗಳಲ್ಲಿ ಕಶ್ಮಲ ಇಳಿಯುತ್ತದೆ, ಉಪ್ಪಿಟ್ಟಿನ ರವೆಯ ಆಸುಪಾಸಿನದು ಹೆಚ್ಚಿನವರಿಗೆ ಸರಿ. ಅಂದರೆ ಸುಮಾರು 1ರಿಂದ 2 ಮಿ.ಮೀ. ರಾಸ್ ಮೀನು ಸಾಕುವವರು ಇನ್ನೂ ನುಣ್ಣನೆಯದನ್ನೇ ಆರಿಸಿ ಹರಿವನ್ನು ಅದಕ್ಕೆ ತಕ್ಕಂತೆ ತಗ್ಗಿಸಿಕೊಳ್ಳಬೇಕು.

ತೂಕದ ಲೆಕ್ಕ ಸರಳವಾಗಿದೆ. ಉದ್ದ, ಅಗಲ, ಬೇಕಾದ ದಪ್ಪ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಒಣ ಅರಗೊನೈಟ್ ಲೀಟರಿಗೆ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಮೂರಡಿ ಟ್ಯಾಂಕಿಗೆ 3 ಸೆಂ.ಮೀ. ದಪ್ಪ ಬೇಕಾದರೆ 12 ಲೀಟರ್, ಅಂದರೆ 18 ಕೆ.ಜಿ.

ಎಷ್ಟು ದಪ್ಪ ಇರಬೇಕು ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವೇನು ಹೇಳುತ್ತೀರಿ?

2.5ರಿಂದ 4 ಸೆಂ.ಮೀ. ಸಾಕು. ಮರಳಿನಲ್ಲಿ ಮಲಗುವ ಮೀನಿದ್ದರೆ 5 ಸೆಂ.ಮೀ. ಅದಕ್ಕೂ ಮೇಲೆ, 10 ಸೆಂ.ಮೀ.ಗಿಂತ ಕೆಳಗೆ ಇರುವ ದಪ್ಪವನ್ನು ನಾನು ಯಾರಿಗೂ ಹೇಳುವುದಿಲ್ಲ: ತಳದವರೆಗೆ ಸೈಫನ್ (ನೀರಿನೊಂದಿಗೆ ಕಶ್ಮಲ ಎಳೆಯುವ ಕೊಳವೆ) ಹಾಕಿ ಚೊಕ್ಕ ಮಾಡುವುದು ಕಷ್ಟ, ನೈಟ್ರೇಟನ್ನು ನೆಚ್ಚಿಕೊಳ್ಳುವಷ್ಟು ಕಳೆಯುವ ಆಳವೂ ಅಲ್ಲ (ಆಳ ಹಾಸಿನ ವಿಷಯ ಕೊನೆಯ ಭಾಗದಲ್ಲಿದೆ).

ಲೈವ್ ಸ್ಯಾಂಡ್ ತೊಳೆಯಬೇಕಾ? ಕಲ್ಲು ಮೊದಲೋ, ಮರಳು ಮೊದಲೋ?

ನೀರಿನ ಸಮೇತ ಪ್ಯಾಕ್ ಆಗಿ ಬರುವ ಲೈವ್ ಸ್ಯಾಂಡನ್ನು ನಲ್ಲಿ ನೀರಿನಲ್ಲಿ ತೊಳೆದರೆ ಯಾವ ಬ್ಯಾಕ್ಟೀರಿಯಾಕ್ಕೆ ಹೆಚ್ಚು ಹಣ ಕೊಟ್ಟಿರೋ ಅದನ್ನೇ ಮೋರಿಗೆ ಬಿಟ್ಟಂತೆ. ಒಣ ಮರಳನ್ನು ಮಾತ್ರ ಬಕೆಟಿನಲ್ಲಿ ಅರ್ಧ ತುಂಬಿ, ಪೈಪಿನ ನೀರು ಬಿಟ್ಟು, ಕೈಯಾಡಿಸಿ ಬಗ್ಗಿಸುತ್ತ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಕೊನೆಯ ಒಂದು ಸುತ್ತು ಆರ್‌ಓ ನೀರಿನದಾಗಿರಲಿ.

ಕಲ್ಲನ್ನು ಮೊದಲು ಗಾಜಿನ ಮೇಲೆಯೇ ಅಲುಗಾಡದಂತೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಬೇಕು. ಮರಳಿನ ಮೇಲೆ ಕಲ್ಲು ಕೂರಿಸಿದರೆ ಪಿಸ್ತೂಲ್ ಸೀಗಡಿ ಅಡಿಯಲ್ಲಿ ತೋಡಿ ತೋಡಿ ಒಂದು ರಾತ್ರಿ ಇಡೀ ಗುಡ್ಡೆಯನ್ನು ಉರುಳಿಸಬಲ್ಲದು. ನೀರು ತುಂಬಿಸುವಾಗ ಮರಳಿನ ಮೇಲೆ ಊಟದ ತಟ್ಟೆಯಿಟ್ಟು ಅದರ ಮೇಲೆ ಸುರಿಯಿರಿ. ನೀರಿರುವ ಟ್ಯಾಂಕಿಗೆ ಮರಳು ಸೇರಿಸಬೇಕಾದರೆ ಅಗಲವಾದ ಪಿವಿಸಿ ಪೈಪನ್ನು ತಳದವರೆಗೆ ಇಳಿಸಿ ಅದರೊಳಗಿಂದ ಬಿಡಿ.

ಮರಳು ಹಾಕಿದ ಮೇಲೆ ನೀರು ಹಾಲಿನ ಹಾಗೆ ಆಗಿದೆ, ಏನೂ ಕಾಣಿಸುತ್ತಿಲ್ಲ.

ಸುಣ್ಣದ ನುಣ್ಣನೆಯ ಧೂಳು. ಒಂದರಿಂದ ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಸಂಪಿನಲ್ಲಿ (ಟ್ಯಾಂಕಿಗೆ ಪೈಪಿನಿಂದ ಸೇರಿಸಿದ, ಉಪಕರಣಗಳಿರುವ ಇನ್ನೊಂದು ತೊಟ್ಟಿ) ಫಿಲ್ಟರ್ ಹತ್ತಿ ಇಟ್ಟು ದಿನಕ್ಕೊಮ್ಮೆ ಬದಲಿಸಿ. ಜೀವಿಗಳನ್ನು ಇನ್ನೂ ಬಿಡಬೇಡಿ.

## ಮೊದಲ ಕೆಲವು ತಿಂಗಳು

ಬೆಳ್ಳಗಿದ್ದ ಮರಳಿನ ಮೇಲೆ ಕಂದು ಪುಡಿ ಕೂತಿದೆ. ಮರಳು ಕೆಟ್ಟಿತಾ?

ಕೆಟ್ಟಿಲ್ಲ. ಹೊಸ ಟ್ಯಾಂಕುಗಳಲ್ಲಿ ಮೊದಲ ವಾರಗಳಲ್ಲೇ ಬರುವ ಡಯಾಟಮ್ ಪಾಚಿ ಇದು. ತನ್ನ ಚಿಪ್ಪು ಕಟ್ಟಲು ಅದಕ್ಕೆ ಕರಗಿದ ಸಿಲಿಕಾ ಬೇಕು. ಬೆರಳಾಡಿಸಿದರೆ ಪುಡಿಯಂತೆ ಹಾರಿಹೋಗುತ್ತದೆ, ಸೆರಿತ್ ಜಾತಿಯ ಶಂಖಗಳು ಇಷ್ಟಪಟ್ಟು ತಿನ್ನುತ್ತವೆ, ಸಿಲಿಕಾ ಮುಗಿದ ಮೇಲೆ ತಾನೇ ತೆಳುವಾಗುತ್ತದೆ.

ಎರಡು ತಿಂಗಳಾದರೂ ಹೋಗದಿದ್ದರೆ ಮರಳನ್ನು ಬಯ್ಯುವ ಮೊದಲು ನೀರನ್ನು ವಿಚಾರಿಸಿ. ಕಲ್ಲುನೆಲದ ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಸಹಜವಾಗಿ ಕರಗಿರುತ್ತದೆ, ನಮ್ಮ ಜಿಲ್ಲೆಗಳ ಬೋರ್‌ವೆಲ್‌ಗಳು ಬಹುಪಾಲು ಅಂಥವೇ. ಆರ್‌ಓ ಪೊರೆ ಅದರಲ್ಲಿ ಹೆಚ್ಚಿನದನ್ನು ತಡೆದರೂ ಸ್ವಲ್ಪ ದಾಟಿಬಿಡುತ್ತದೆ. ಅದನ್ನು ಹಿಡಿಯಲು ಆರ್‌ಓ ನಂತರ ಡಿಐ ರಾಳದ (ಉಳಿದ ಲವಣಗಳನ್ನು ಹಿಡಿಯುವ ಸಣ್ಣ ಮಣಿಗಳ) ಹಂತ ಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಇನ್ನೊಂದು ಗಮನಿಸಿ: ಮನೆಯಲ್ಲಿ ಕುಡಿಯಲು ಬಳಸುವ ಅನೇಕ ಆರ್‌ಓ ಯಂತ್ರಗಳಲ್ಲಿ ರುಚಿಗಾಗಿ ಒಂದಿಷ್ಟು ಮೂಲ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಅದು ತೆರೆದಿರುವ ತನಕ ಎಷ್ಟು ಪೊರೆ ಬದಲಿಸಿದರೂ ಪ್ರಯೋಜನವಿಲ್ಲ.

ಕೆಂಪು-ನೇರಳೆ ಬಣ್ಣದ ಪೊರೆ ಚಾಪೆಯ ಹಾಗೆ ಹರಡಿದೆ. ಔಷಧಿ ಹಾಕಲಾ?

ಇದು ಸಯನೋಬ್ಯಾಕ್ಟೀರಿಯಾ, ಪಾಚಿಯಂತೆ ಬೆಳಕಿನಿಂದ ಬೆಳೆಯುವ ಬ್ಯಾಕ್ಟೀರಿಯಾ. ಹರಿವು ತಲುಪದ ಮೂಲೆ, ಕಶ್ಮಲ ಕೂತ ಜಾಗ, ಹೆಚ್ಚಾದ ಆಹಾರ ಇದಕ್ಕೆ ಇಷ್ಟ. ನೈಟ್ರೇಟ್ ಪೂರ್ತಿ ಸೊನ್ನೆಯಾಗಿ ಫಾಸ್ಫೇಟ್ ಮಾತ್ರ ಉಳಿದ ಟ್ಯಾಂಕಿನಲ್ಲೂ ಬರುತ್ತದೆ. ನೀರು ಬದಲಿಸುವಾಗ ತೆಳುವಾದ ಟ್ಯೂಬಿನಿಂದ ಪೊರೆಯನ್ನು ಸುರುಳಿಯಾಗಿ ಎಳೆದು ತೆಗೆಯಿರಿ, ಪವರ್‌ಹೆಡ್ ಅನ್ನು ಆ ಮೂಲೆಯ ಕಡೆ ಸ್ವಲ್ಪ ತಿರುಗಿಸಿ, ಒಂದೆರಡು ವಾರ ಹೀಗೆಯೇ ಮಾಡಿ ನೋಡಿ. ಪ್ರತಿಜೀವಕ ಆಧಾರಿತ ಔಷಧಿ ಪೊರೆಯನ್ನು ಎರಡು-ಮೂರು ದಿನದಲ್ಲಿ ಕೊಲ್ಲುತ್ತದೆ ನಿಜ, ಆದರೆ ಸತ್ತದ್ದೆಲ್ಲ ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ಕಾರಣ ಹಾಗೇ ಇದ್ದರೆ ಪೊರೆಯೂ ಮರಳಿ ಬರುತ್ತದೆ. ಹಾಕಲೇಬೇಕಾದರೆ ಏರ್ ಪಂಪ್ ಜೊತೆಗೇ ಹಾಕಿ.

ಕಂದು ಲೋಳೆ, ಎಳೆ ಎಳೆಯಾಗಿ, ತುದಿಯಲ್ಲಿ ಗುಳ್ಳೆ. ರಾತ್ರಿ ಮಾಯ, ಮಧ್ಯಾಹ್ನ ಮತ್ತೆ ಹಾಜರ್. ಇದೇನು?

ಬಹುಮಟ್ಟಿಗೆ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ, ಚಿಕ್ಕದಾಗಿ ಡೈನೋ. ಡಯಾಟಮ್ ಎಂದು ತಿಳಿದು ಕಾಯುತ್ತ ಕೂತವರ ಟ್ಯಾಂಕುಗಳು ಹದಗೆಡುವುದು ಇಲ್ಲೇ. ಆದ್ದರಿಂದ ಖಚಿತಪಡಿಸಿಕೊಳ್ಳಿ. ಲೋಳೆಯನ್ನು ಟ್ಯಾಂಕಿನ ನೀರಿನ ಸಮೇತ ಒಂದು ಪಾರದರ್ಶಕ ಬಾಟಲಿಗೆ ಎಳೆದುಕೊಂಡು, ಮುಚ್ಚಳ ಹಾಕಿ, ಎಳೆಗಳು ಪೂರ್ತಿ ಚದುರುವವರೆಗೆ ಜೋರಾಗಿ ಕುಲುಕಿ. ಒತ್ತಾದ ಬಟ್ಟೆಯಲ್ಲೋ ಫಿಲ್ಟರ್ ಕಾಗದದಲ್ಲೋ ಸೋಸಿ, ಸೋಸಿದ ನೀರನ್ನು ದೀಪದ ಕೆಳಗೆ ಸುಮಾರು ಒಂದು ಗಂಟೆ ಅಲುಗಿಸದೆ ಇಡಿ. ತಿಳಿಯಾಗಿದ್ದ ನೀರಿನಲ್ಲಿ ಎಳೆಗಳು ಮತ್ತೆ ಕೂಡಿಕೊಂಡು ತೇಲತೊಡಗಿದರೆ ಅದು ಡೈನೋ. ಡಯಾಟಮ್ ಆದರೆ ಹಾಗೆ ಕೂಡಿಕೊಳ್ಳುವುದಿಲ್ಲ. 400 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕ ಸಿಕ್ಕರೆ ಜಾತಿಯೂ ತಿಳಿಯುತ್ತದೆ. ಪರಿಚಯದ ಜೀವಶಾಸ್ತ್ರ ಅಧ್ಯಾಪಕರಿದ್ದರೆ ಅವರ ಕಾಲೇಜಿನ ಪ್ರಯೋಗಾಲಯದಲ್ಲಿ ಹತ್ತು ನಿಮಿಷದ ಕೆಲಸ.

ಜಾತಿ ತಿಳಿಯುವುದು ಏಕೆ ಮುಖ್ಯವೆಂದರೆ ಮದ್ದು ಬೇರೆ ಬೇರೆ. ಆಸ್ಟ್ರಿಯಾಪ್ಸಿಸ್ ರಾತ್ರಿ ನೀರಿಗೆ ತೇಲುತ್ತದೆ, ಹಾಗಾಗಿ ಯುವಿ ದೀಪದ ಮೂಲಕ ಟ್ಯಾಂಕಿನ ನೀರನ್ನು ಹಾಯಿಸಿದರೆ ಸಾಯುತ್ತದೆ. ದೊಡ್ಡ ಕೋಶದ ಆಂಫಿಡಿನಿಯಂ ಮರಳಿನಲ್ಲೇ ಅಡಗುವುದರಿಂದ ಯುವಿಗೆ ಸಿಗುವುದಿಲ್ಲ. ಅದಕ್ಕೆ ಬೇಕೆಂದೇ ಸಿಲಿಕೇಟ್ ಹಾಕಿ ಡಯಾಟಮ್‌ಗಳನ್ನು ಬೆಳೆಸಿ ಜಾಗಕ್ಕಾಗಿ ಪೈಪೋಟಿ ಹುಟ್ಟಿಸುವವರಿದ್ದಾರೆ. ಎರಡರಲ್ಲೂ ಮೊದಲ ಹೆಜ್ಜೆ ಒಂದೇ: ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದಿದ್ದರೆ ಮೇಲಕ್ಕೆ ತನ್ನಿ. ನೈಟ್ರೇಟ್ ಲೀಟರಿಗೆ 5ರಿಂದ 10 ಮಿ.ಗ್ರಾಂ., ಫಾಸ್ಫೇಟ್ 0.05ರಿಂದ 0.1 ಮಿ.ಗ್ರಾಂ. ಇರಲಿ. ಟ್ಯಾಂಕನ್ನು ತೀರಾ ಚೊಕ್ಕಟ ಇಡುವವರಿಗೇ ಈ ಕಾಟ ಹೆಚ್ಚೆಂಬುದನ್ನು ಒಪ್ಪಿಕೊಳ್ಳಲು ನಮ್ಮವರಿಗೆ ಸ್ವಲ್ಪ ಸಮಯ ಹಿಡಿಯುತ್ತದೆ.

ಪವರ್‌ಹೆಡ್ ಹಾಕಿದರೆ ಒಂದು ಕಡೆ ಗುಂಡಿ, ಇನ್ನೊಂದು ಕಡೆ ಗುಡ್ಡ.

ಪವರ್‌ಹೆಡ್ ಅನ್ನು ನೀರಿನ ಮೇಲ್ಮೈ ಕಡೆಗೆ ಸ್ವಲ್ಪ ಎತ್ತಿ, ಅಥವಾ ಎದುರಿನ ಗಾಜಿಗೆ ಬಡಿದು ಹರಿವು ಒಡೆಯುವಂತೆ ಇಡಿ. ಹೊಸ ಮರಳು ಕೆಲವು ವಾರಗಳಲ್ಲಿ ಬ್ಯಾಕ್ಟೀರಿಯಾದ ಪೊರೆ ಕಟ್ಟಿಕೊಂಡು ಸ್ವಲ್ಪ ಭಾರವಾಗುತ್ತದೆ, ಆದ್ದರಿಂದ ಮೊದಲು ವೇಗ ಕಡಿಮೆಯಿಟ್ಟು ನಿಧಾನವಾಗಿ ಏರಿಸಿ. ಅಷ್ಟಾದರೂ ಗುಂಡಿ ಬೀಳುವ ಜಾಗದಲ್ಲಿ ಒಂದಿಷ್ಟು ದಪ್ಪ ಕಾಳು ಹರಡಿದರೆ ತೀರಿತು.

## ನಿತ್ಯದ ಆರೈಕೆ

ಸೈಫನ್ ಹಾಕಿ ಮರಳು ಕೆದಕಬೇಕು ಅಂತ ಒಬ್ಬರು, ಮುಟ್ಟಲೇಬಾರದು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಇಬ್ಬರೂ ತಮ್ಮ ತಮ್ಮ ಟ್ಯಾಂಕಿನ ಮಟ್ಟಿಗೆ ಸರಿ. ಮುಟ್ಟಬಾರದೆಂಬುದು 10 ಸೆಂ.ಮೀ.ಗಿಂತ ಆಳದ ಹಾಸಿಗೆ ಹೇಳಿದ ಮಾತು. ತೆಳು ಹಾಸನ್ನು ಮೊದಲ ತಿಂಗಳಿನಿಂದಲೇ ಕ್ರಮವಾಗಿ ಚೊಕ್ಕ ಮಾಡುತ್ತ ಬರಬೇಕು. ತಳವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗದಂತೆ, ನೀರು ಬದಲಿಸುವಾಗ ಸೈಫನ್‌ನ ಅಗಲ ಬಾಯನ್ನು ಗಾಜು ತಾಗುವವರೆಗೆ ಊರಿ. ಕೊಳವೆಯೊಳಗೆ ಮರಳು ಸುರುಳಿ ಸುತ್ತುತ್ತ ಮೇಲೇಳುತ್ತದೆ, ಕಂದು ಕಶ್ಮಲ ಅದಕ್ಕಿಂತ ಹಗುರವಾದ್ದರಿಂದ ಬೇರ್ಪಟ್ಟು ಪೈಪಿಗೆ ಹೋಗುತ್ತದೆ. ಮರಳು ಕೊಳವೆಯ ಮುಕ್ಕಾಲಿಗೆ ಬಂದಾಗ ಪೈಪನ್ನು ಬೆರಳಿನಿಂದ ಮಡಚಿ ಹಿಡಿದರೆ ಹರಿವು ನಿಂತು ಮರಳು ಕೆಳಗಿಳಿಯುತ್ತದೆ. ಬಿಟ್ಟು, ಒಂದು ಅಂಗುಲ ಪಕ್ಕಕ್ಕೆ ಸರಿಸಿ, ಮತ್ತೆ ಊರಿ. ಬಕೆಟಿಗೆ ಬಿದ್ದ ನೀರು ತಿಳಿಯಾಗುತ್ತ ಬಂದರೆ ಆ ಜಾಗ ಮುಗಿಯಿತು.

ವರ್ಷಗಟ್ಟಲೆ ಮುಟ್ಟದ ಹಾಸನ್ನು ಮಾತ್ರ ಒಂದೇ ದಿನ ಕೆದಕಬೇಡಿ. ಒಳಗೆ ಕೂತ ಕಶ್ಮಲ, ಆಮ್ಲಜನಕವಿಲ್ಲದ ಪದರದ ಗಂಧಕದ ಅನಿಲ ಎಲ್ಲವೂ ಒಟ್ಟಿಗೆ ನೀರಿಗೆ ಬಂದರೆ ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತಿರಬಹುದು. ಅಂಗೈಯಗಲದಿಂದ ಶುರು ಮಾಡಿ, ಮರುದಿನ ಅಮೋನಿಯಾ ಪರೀಕ್ಷಿಸಿ, ಸರಿಯಿದ್ದರೆ ಮುಂದಿನ ವಾರ ಇನ್ನಷ್ಟು ಮಾಡಿ.

ಮರಳು ಚೊಕ್ಕ ಮಾಡುವ ಜೀವಿಗಳನ್ನು ಬಿಟ್ಟರೆ ಸಾಕಲ್ಲ, ಸೈಫನ್ ಯಾಕೆ?

ಯಾವ ಜೀವಿಯೂ ಕಶ್ಮಲವನ್ನು ಟ್ಯಾಂಕಿನಿಂದ ಆಚೆ ಹಾಕುವುದಿಲ್ಲ. ತಿಂದು ಸಣ್ಣ ಹಿಕ್ಕೆಯಾಗಿ ಅಲ್ಲೇ ಬಿಡುತ್ತದೆ. ಆದರೂ ಸಹಾಯ ದೊಡ್ಡದು. ನಸಾರಿಯಸ್ ಶಂಖಗಳು ಮರಳಿನೊಳಗೆ ಹೂತು ಮೂತಿಯ ಕೊಳವೆಯನ್ನು ಮಾತ್ರ ಹೊರಗಿಟ್ಟುಕೊಂಡಿರುತ್ತವೆ. ಆಹಾರ ಹಾಕಿದ ಅರ್ಧ ನಿಮಿಷಕ್ಕೆ ತಳದಲ್ಲೆಲ್ಲ ಮರಳು ಬಿರಿದು, ಒಂದೊಂದೇ ಎದ್ದು ವಾಸನೆಯತ್ತ ಓಡುತ್ತವೆ. ಮನೆಗೆ ಬಂದ ಮಕ್ಕಳಿಗೆ ಮೀನಿಗಿಂತ ಇದೇ ಇಷ್ಟವಾಗುತ್ತದೆ. ಇವು ಉಳಿದ ಮಾಂಸಾಹಾರವನ್ನು ತಿನ್ನುತ್ತವೆ, ಪಾಚಿಯನ್ನಲ್ಲ. ಪಾಚಿಗೆ ಸೆರಿತ್ ಮತ್ತು ಸ್ಟ್ರಾಂಬಸ್ ಜಾತಿಯ ಶಂಖ ಒಳ್ಳೆಯದು. ಮೂರಡಿ ಟ್ಯಾಂಕಿಗೆ ಒಂದೇ ಸ್ಟ್ರಾಂಬಸ್ ಸಾಕು, ಎರಡನೆಯದು ಹಸಿದು ಸಾಯುತ್ತದೆ.

ಅಂಗಡಿಯವರು ಉತ್ಸಾಹದಿಂದ ಕೊಡುವ ಮರಳು ನಕ್ಷತ್ರಮೀನನ್ನು ಕೊಳ್ಳಬೇಡಿ. ಅದು ಮರಳಿನಲ್ಲಿರುವ ಒಳ್ಳೆಯ ಸಣ್ಣ ಜೀವಿಗಳನ್ನೆಲ್ಲ ತಿಂದು ಮುಗಿಸಿ, ಕೆಲವು ತಿಂಗಳಲ್ಲಿ ತಾನೂ ಉಪವಾಸದಿಂದ ಕರಗುತ್ತದೆ. ವ್ಯಾಲೆನ್ಸಿಯೆನ್ನಿಯಾ ಜಾತಿಯ ಗೋಬಿಗಳು ಮರಳನ್ನು ಬೆಳ್ಳಗೆ ಹೊಳೆಯುವಂತೆ ಇಡುತ್ತವೆ, ಜೊತೆಗೆ ಆ ಮರಳನ್ನು ಹವಳಗಳ ತಲೆಯ ಮೇಲೆ ಉಗುಳುತ್ತವೆ. ದಿನಕ್ಕೆರಡು ಬಾರಿ ಆಹಾರ ಕೊಡದಿದ್ದರೆ ಬಡಕಲಾಗುತ್ತವೆ. ಸಮುದ್ರ ಸೌತೆ ಎಂಬ ಮೆತ್ತನೆಯ ಪ್ರಾಣಿ ಸತ್ತರೆ ಅಥವಾ ಪವರ್‌ಹೆಡ್‌ಗೆ ಸಿಕ್ಕರೆ ವಿಷ ಬಿಟ್ಟು ಮೀನುಗಳನ್ನು ಕೊಲ್ಲಬಹುದು. ಭಾರತದ ಕಡಲಿನ ಸಮುದ್ರ ಸೌತೆಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ರಾತ್ರಿ ಟಾರ್ಚ್ ಹಾಕಿದರೆ ಮರಳಿನಿಂದ ಮುಳ್ಳುಮುಳ್ಳಾದ ಹುಳ ಹೊರಬರುತ್ತಿದೆ!

ಬ್ರಿಸಲ್ ಹುಳು. ಮರಳನ್ನು ಸಡಿಲವಾಗಿಡುವ, ಕೊಳೆತದ್ದನ್ನು ತಿನ್ನುವ ಒಳ್ಳೆಯ ಕೆಲಸಗಾರ. ಬರಿಗೈಯಲ್ಲಿ ಮುಟ್ಟಿದರೆ ಸಣ್ಣ ಮುಳ್ಳು ಚುಚ್ಚಿಕೊಂಡು ಉರಿಯುತ್ತದೆ, ಅಷ್ಟೆ. ಸಂಖ್ಯೆ ಮಿತಿಮೀರಿದರೆ ನೀವು ಆಹಾರ ಹೆಚ್ಚು ಹಾಕುತ್ತಿದ್ದೀರಿ ಎಂದರ್ಥ.

ಗಾಜಿನ ಪಕ್ಕ ಮರಳಿನೊಳಗೆ ಹಸಿರು, ಕಪ್ಪು ಗೆರೆ ಕಾಣಿಸುತ್ತಿದೆ. ಗುಳ್ಳೆಯೂ ಇದೆ. ಅಪಾಯವಾ?

ಹಸಿರು, ನೇರಳೆ ಗೆರೆಗಳು ಗಾಜಿನ ಮೂಲಕ ಬೆಳಕು ಬಿದ್ದಲ್ಲಿ ಬೆಳೆಯುವ ಪಾಚಿ. ನೋಡಲು ಬೇಸರವಾದರೆ ಹೊರಗಿನಿಂದ ಮರಳಿನ ಎತ್ತರಕ್ಕೆ ಕರಿ ಟೇಪ್ ಅಂಟಿಸಿ. ಸಣ್ಣ ಗುಳ್ಳೆಗಳು ಪಾಚಿ ಬಿಡುವ ಆಮ್ಲಜನಕವಿರಬಹುದು, ಅಥವಾ ನೈಟ್ರೇಟ್ ಒಡೆದು ಬಂದ ಸಾರಜನಕವಿರಬಹುದು, ಎರಡೂ ನಿರಪಾಯ. ಕಪ್ಪು ಕಲೆ ಬೇರೆ ಕಥೆ. ಆಮ್ಲಜನಕ, ನೈಟ್ರೇಟ್ ಎರಡೂ ಮುಗಿದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟನ್ನು ಬಳಸತೊಡಗುತ್ತವೆ, ಆಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಆಳದ ಹಾಸಿನ ಅಡಿಯಲ್ಲಿ ಇದು ಸಹಜ, ಕೆದಕದೆ ಬಿಟ್ಟುಬಿಡಿ. 3 ಸೆಂ.ಮೀ. ಹಾಸಿನಲ್ಲಿ ಕಂಡರೆ ಅಲ್ಲಿ ಏನೋ ಸತ್ತಿದೆ ಅಥವಾ ಕಶ್ಮಲ ಕಟ್ಟಿದೆ. ಕೈಯಲ್ಲಿ ಕಲಕದೆ ಕಪ್ಪು ಮರಳನ್ನು ನೇರವಾಗಿ ಪೈಪಿನೊಳಗೇ ಎಳೆದುಕೊಂಡು ಆಚೆ ಹಾಕಿ.

ಏಪ್ರಿಲ್‌ನಲ್ಲಿ ಬಿಸಿಲು, ಮೇಲೆ ಕರೆಂಟ್ ಹೋಗುತ್ತದೆ. ಮರಳಿಗೂ ಅದಕ್ಕೂ ಸಂಬಂಧ ಇದೆಯಾ?

ಇದೆ, ಹೆಚ್ಚಿನವರು ಯೋಚಿಸದ ಸಂಬಂಧ. ಮರಳಿನ ಬ್ಯಾಕ್ಟೀರಿಯಾಗಳು ಹಗಲೂ ರಾತ್ರಿ ಆಮ್ಲಜನಕ ಬಳಸುತ್ತವೆ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿ.ಗ್ರಾಂ. ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಸುಮಾರು 6.2. ಬಿಸಿ ಏರಿದಂತೆ ಜೀವಿಗಳ ಬೇಡಿಕೆ ಏರುತ್ತದೆ, ಸಂಗ್ರಹ ಇಳಿಯುತ್ತದೆ. ಅದೇ ಹೊತ್ತಿಗೆ ಪಂಪ್ ನಿಂತರೆ ದಪ್ಪನೆಯ, ಕೊಳೆ ತುಂಬಿದ ಹಾಸು ಮೀನಿಗಿಂತ ಮೊದಲು ಆಮ್ಲಜನಕವನ್ನು ಕಬಳಿಸುತ್ತದೆ. ಆದ್ದರಿಂದ ಮಾರ್ಚ್ ಒಳಗೆ ಮರಳನ್ನು ಒಂದು ಸುತ್ತು ಚೊಕ್ಕ ಮಾಡಿ ಮುಗಿಸಿ. ಕನಿಷ್ಠ ಒಂದು ಪವರ್‌ಹೆಡ್ ಇನ್ವರ್ಟರ್ ಮೇಲಿರಲಿ, ಬ್ಯಾಟರಿಯ ಏರ್ ಪಂಪ್ ಪಕ್ಕದಲ್ಲಿರಲಿ.

ಬಯಲುಸೀಮೆಗೆ ಒಂದು ಅನುಕೂಲವೂ ಇದೆ. ಗಾಳಿ ಒಣಗಿರುವುದರಿಂದ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ, ಮಂಗಳೂರಿನ ಜಿಗುಟು ಸೆಕೆಯಲ್ಲಿ ಅಷ್ಟು ಇಳಿಯುವುದಿಲ್ಲ. ಆವಿಯಾದ ನೀರಿಗೆ ಬದಲಾಗಿ ದಿನವೂ ಆರ್‌ಓ-ಡಿಐ ನೀರು ತುಂಬಿಸಲು ಮರೆಯಬೇಡಿ, ಇಲ್ಲವಾದರೆ ಉಪ್ಪಿನಂಶ ಸಾವಿರಕ್ಕೆ 35ರಿಂದ ಮೇಲೇರುತ್ತದೆ.

## ಹಳೆಯ ಟ್ಯಾಂಕುಗಳು

ಡೀಪ್ ಸ್ಯಾಂಡ್ ಬೆಡ್ ಮಾಡಿದರೆ ನೈಟ್ರೇಟ್ ತಾನಾಗಿ ಹೋಗುತ್ತದಂತೆ. ಮಾಡಲಾ?

ತತ್ವ ನಿಜ. 10ರಿಂದ 15 ಸೆಂ.ಮೀ. ನುಣ್ಣನೆಯ ಮರಳಿನಲ್ಲಿ ಆಮ್ಲಜನಕ ಮೇಲಿನ ತೆಳು ಪದರದಲ್ಲೇ ಮುಗಿಯುತ್ತದೆ. ಅದರ ಕೆಳಗಿನ ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕ ಕಿತ್ತುಕೊಂಡು ಸಾರಜನಕ ಅನಿಲವನ್ನು ಬಿಡುತ್ತವೆ. ಮೊನಾಕೊದಲ್ಲಿ ಕೆಲಸ ಮಾಡಿದ ಜ್ಯಾಂ ಜೋಬೇರ್ ಮರಳಿನ ಅಡಿಯಲ್ಲಿ ನೀರಿನ ಖಾಲಿ ಜಾಗ ಬಿಡುವ ಪ್ಲೀನಂ ವಿಧಾನ ರೂಪಿಸಿದರು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ರೊನಾಲ್ಡ್ ಶಿಮೆಕ್ ಖಾಲಿ ಜಾಗವಿಲ್ಲದ, ಹುಳುಹುಪ್ಪಟೆಗಳಿಂದ ತುಂಬಿದ ಆಳ ಹಾಸಿನ ಪರವಾಗಿ ವಾದಿಸಿದರು. ಆಳ ಹಾಸು ಕೆಲಸ ಮಾಡುವುದು ಆ ಜೀವಸಂಕುಲ ಜೀವಂತವಾಗಿರುವ ತನಕ. ನಮ್ಮಲ್ಲಿ ಅಂಥ ಹುಳುಗಳನ್ನು ಆಗಾಗ ಹೊಸದಾಗಿ ತಂದು ಬಿಡುವುದು ದುಸ್ತರ. ಈಗ ಒಳ್ಳೆಯ ಸ್ಕಿಮ್ಮರ್ ಜೊತೆ ಅಳತೆಯಿಟ್ಟು ವಿನೆಗರ್ ಹಾಕುವ ವಿಧಾನದಿಂದಲೂ ನೈಟ್ರೇಟ್ ಇಳಿಸಬಹುದಾದ್ದರಿಂದ, ಪ್ರದರ್ಶನದ ಟ್ಯಾಂಕಿನಲ್ಲಿ ಆಳ ಹಾಸು ಬೇಡವೆನ್ನುತ್ತೇನೆ. ಆಸೆಯಿದ್ದರೆ ಸಂಪಿಗೆ ಸೇರಿಸಿದ ಪ್ರತ್ಯೇಕ ಬಕೆಟಿನಲ್ಲಿ ಮಾಡಿ. ಕೆಟ್ಟರೆ ಪೈಪ್ ಕಳಚಿ ಬಕೆಟನ್ನೇ ಎತ್ತಿಡಬಹುದು.

ಮರಳು ಗಟ್ಟಿಯಾಗಿ ಹೆಂಟೆ ಕಟ್ಟಿದೆ, ಚಾಕು ಚುಚ್ಚಿದರೂ ಇಳಿಯುತ್ತಿಲ್ಲ.

ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಿಂದ ಹೊರಬಿದ್ದು ಕಾಳುಗಳನ್ನು ಬೆಸೆದಿದೆ. ಸುಣ್ಣದ ತಿಳಿಯನ್ನೋ ಸೋಡಾ ದ್ರಾವಣವನ್ನೋ ಒಮ್ಮೆಲೇ ಸುರಿಯುವುದು ಮುಖ್ಯ ಕಾರಣ. ಮೆಗ್ನೀಸಿಯಂ ಲೀಟರಿಗೆ 1300 ಮಿ.ಗ್ರಾಂ.ಗಿಂತ ತೀರಾ ಕೆಳಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ದ್ರಾವಣವನ್ನು ಹರಿವು ಜೋರಾಗಿರುವ ಕಡೆ ಹನಿ ಹನಿಯಾಗಿ ಬಿಡಿ. ಹೆಂಟೆಗಳನ್ನು ಟ್ಯಾಂಕಿನೊಳಗೆ ಒಡೆಯದೆ, ವಾರಕ್ಕೆ ಒಂದೆರಡರಂತೆ ಹೊರತೆಗೆಯಿರಿ.

ಫಾಸ್ಫೇಟ್ ಇಳಿಸಿದರೆ ಎರಡು ದಿನಕ್ಕೆ ಮತ್ತೆ ಅಷ್ಟೇ ಆಗುತ್ತದೆ. ಎಲ್ಲಿಂದ ಬರುತ್ತದೆ?

ಅರಗೊನೈಟ್‌ನ ಮೈಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಹೆಚ್ಚಿದ್ದಾಗ ಮರಳು, ಕಲ್ಲು ಎರಡೂ ಹೀರಿಕೊಂಡಿರುತ್ತವೆ; ನೀರಿನದನ್ನು ತೆಗೆದಾಗ ಅವು ಬಿಡತೊಡಗುತ್ತವೆ. ಫಾಸ್ಫೇಟ್ ಹಿಡಿಯುವ ಮಾಧ್ಯಮವನ್ನು ಸ್ವಲ್ಪ ಸ್ವಲ್ಪವಾಗಿ ಕೆಲವು ತಿಂಗಳು ಬಳಸಿ, ಏಕಕಾಲಕ್ಕೆ ಮರಳಿನ ಕಶ್ಮಲವನ್ನೂ ತೆಗೆಯುತ್ತ ಬನ್ನಿ. ಅವಸರದಿಂದ ಸೊನ್ನೆಗೆ ಇಳಿಸಿದರೆ ಹವಳ ಬಿಳಿಚಿಕೊಳ್ಳುತ್ತದೆ.

ತೆಗೆದ ಹಳೆಯ ಮರಳು, ಉಪ್ಪುನೀರು ಎಲ್ಲಿ ಹಾಕುವುದು?

ನೀರನ್ನು ಚರಂಡಿಗೆ ಬಿಡಿ. ತೆಂಗು, ಅಡಿಕೆ, ಹೂವಿನ ಗಿಡದ ಬುಡಕ್ಕೆ ಬೇಡ. ಕುಂದವಾಡ ಕೆರೆ, ಸೂಳೆಕೆರೆಯಂಥ ಜಲಾಶಯಗಳಿಗಂತೂ ಬೇಡ. ಮರಳನ್ನು ಹಲವು ಸಲ ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿದರೆ ಮುಂದಿನ ಟ್ಯಾಂಕಿಗೆ ಬರುತ್ತದೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ವರ್ಗವಾಗಿದೆ. ಟ್ಯಾಂಕನ್ನು ಮರಳಿನ ಸಮೇತ ಸಾಗಿಸಬಹುದಾ?

ಮರಳಿನ ಸಮೇತ ಸಾಗಿಸಬೇಡಿ. ಒದ್ದೆ ಮರಳಿನ ಭಾರಕ್ಕೆ, ಹೆದ್ದಾರಿಯ ಕುಲುಕಾಟಕ್ಕೆ ತಳದ ಗಾಜಿನ ಅಂಟು ಬಿಡಬಹುದು, ಜೊತೆಗೆ ಪದರಗಳೆಲ್ಲ ಕಲಸಿಹೋಗುತ್ತವೆ. ಮೊದಲು ತಿಳಿಯಾಗಿರುವ ನೀರನ್ನು ಡ್ರಮ್‌ಗಳಿಗೆ ತುಂಬಿಕೊಳ್ಳಿ, ಆಮೇಲೆ ಹವಳ, ಕಲ್ಲು, ಮೀನುಗಳನ್ನು ಅದೇ ನೀರಿನಲ್ಲಿ ಬೇರೆ ಬೇರೆ ಡಬ್ಬಗಳಿಗೆ ವರ್ಗಾಯಿಸಿ. ಮರಳಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಹೊಸ ಮನೆಯಲ್ಲಿ ಹೊಸ ಮರಳು ಹಾಕುವುದು ಉತ್ತಮ. ಹಳೆಯದನ್ನೇ ಬಳಸುವುದಾದರೆ ಬಕೆಟಿನಲ್ಲಿ ಕಲಕಿದ ನೀರು ಪೂರ್ತಿ ತಿಳಿಯಾಗುವವರೆಗೆ ತೊಳೆದೇ ಹಾಕಿ. ಮೇಲ್ಪದರದಿಂದ ಒಂದೆರಡು ಲೋಟ ಮರಳನ್ನು ಮಾತ್ರ ತೊಳೆಯದೆ ಟ್ಯಾಂಕಿನ ನೀರಿನಲ್ಲೇ ಪ್ರತ್ಯೇಕ ಇಟ್ಟುಕೊಂಡಿದ್ದು, ಕೊನೆಗೆ ಅದನ್ನು ಮೇಲೆ ಉದುರಿಸಿದರೆ ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ಹೊಸ ಹಾಸಿಗೆ ಹರಡಿಕೊಳ್ಳುತ್ತವೆ. ಮೊದಲ ಒಂದು ವಾರ ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷಿಸಿ, ಆಹಾರ ಅರ್ಧ ಮಾಡಿ, ಬೇಕಾದರೆ ಬದಲಿಸಲು ಉಪ್ಪು ಬೆರೆಸಿದ ನೀರನ್ನು ಒಂದು ಡ್ರಮ್ ಸಿದ್ಧವಿಟ್ಟಿರಿ.